ಕಲಾಯಿ ಹಾಕಿಸಿಕೊಂಡ ರಿಮೋಟು

ನನ್ನ ತಂಗಿ ನಸೀಮಾ ನನಗೆ ವಹಿಸಿದ್ದು ಒಂದೇ ಕೆಲಸ. ನಮ್ಮ ತಂದೆ, ಅಂದರೆ ಅಬ್ಬಾ, ಕಲಾಯಿ ಹಾಕಲು ಶುರು ಮಾಡಿದಾಗ ರಿಮೋಟಿನ ಗುಂಡಿ ಒತ್ತಬೇಕು. ಮುಗಿದ ಮೇಲೆ ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಬೇಕು. ಅಷ್ಟೇ! ಒಂದು ಕೋಳಿಗೆ ಹೇಳಿಕೊಟ್ಟಿದ್ದರೂ ಕೊಕ್ಕಿನಿಂದ ಕುಕ್ಕಿ, ಕೆಲಸ ಮುಗಿಸಿ, ಕಾಳು ಹೆಕ್ಕಲು ಹೋಗುತ್ತಿತ್ತು. ನನ್ನಿಂದ ಆಗಲಿಲ್ಲ.

ಹಾಗೆಂದು ನಾನು ಕೈಲಾಗದವನೇನಲ್ಲ. ಹೊಳಲ್ಕೆರೆ ಪೇಟೆಯಲ್ಲಿ ನಮ್ಮದು ತಲೆಮಾರುಗಳಿಂದ ಕಲಾಯಿ ಹಾಕುವ ಮನೆ. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಬಳಿದು ಬೆಳ್ಳಿಯಂತೆ ಬೆಳಗಿಸುವುದು ನಮ್ಮ ಕಸುಬು. ಊರೆಲ್ಲ ಸ್ಟೀಲಿಗೆ ಹೋದ ಮೇಲೆ ನಾನು ಕುಕ್ಕರು, ಸ್ಟೌವು, ಮಿಕ್ಸಿಗಳ ಕಡೆಗೆ ತಿರುಗಿಕೊಂಡೆ. ಐದನೇ ಕ್ಲಾಸಿನಲ್ಲಿ ನಾನು ಶಾಲೆಗೆ ಸಲಾಂ ಹೇಳಿದೆ. ಶಾಲೆಯೂ ಮರುಸಲಾಂ ಹೇಳಿ ಬಾಗಿಲು ಹಾಕಿಕೊಂಡಿತು. ಎರಡೂ ಕಡೆಯವರಿಗೆ ಸಂತೋಷವಾಯಿತು. ಅಂದಿನಿಂದ ಕಂಡದ್ದನ್ನು ಬಿಚ್ಚಿ ನೋಡುವುದೇ ನನ್ನ ವಿದ್ಯಾಭ್ಯಾಸ.

ಬಿಚ್ಚುವುದರಲ್ಲಿ ನಾನು ಪಂಡಿತ. ಕೂಡಿಸುವುದರ ಬಗ್ಗೆ ನನ್ನ ಹೆಂಡತಿ ಜುಬೇದಾಳನ್ನು ಕೇಳಬೇಡಿ. ಮದುವೆಯಾದ ಹೊಸದರಲ್ಲಿ ಅವಳ ತವರಿನಿಂದ ಬಂದ ಗೋಡೆ ಗಡಿಯಾರವನ್ನು, ಒಳಗೆ ಯಾರು ಟಿಕ್ ಟಿಕ್ ಅನ್ನುತ್ತಾರೆಂದು ನೋಡಲು ಬಿಚ್ಚಿದ್ದೆ. ಮರಳಿ ಕೂಡಿಸಿದೆ ಕೂಡ. ಈಗಲೂ ಅದು ನಡೆಯುತ್ತದೆ, ಹಿಂದಕ್ಕೆ!

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವು ಮನೆಯಲ್ಲಿ ಉರ್ದು ಆಡಿಕೊಳ್ಳುವವರು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಬೈಗುಳಗಳನ್ನು ಮಾತ್ರ ಬದಲಾಯಿಸಬೇಕಾಗಲಿಲ್ಲ. ಅವು ಮೊದಲಿಂದಲೂ ಕನ್ನಡದಲ್ಲೇ ಇದ್ದವು.

ವಿಷಯಕ್ಕೆ ಬರುತ್ತೇನೆ. ರಾಮಗಿರಿ ರಸ್ತೆಯಲ್ಲಿ ಒಂದು ಸಣ್ಣ ಮಠವಿದೆ. ಅಲ್ಲಿನ ದಾಸೋಹದ ಅಡುಗೆಮನೆಯಲ್ಲಿ ಒಂದು ತಾಮ್ರದ ಕೊಪ್ಪರಿಗೆ ಇದೆ. ಎಷ್ಟು ದೊಡ್ಡದೆಂದರೆ ಇಬ್ಬರು ಒಳಗೆ ಕುಳಿತು ಎದುರುಬದುರಾಗಿ ಜಗಳವಾಡಬಹುದು. ವರ್ಷಕ್ಕೊಮ್ಮೆ ಅದಕ್ಕೆ ಕಲಾಯಿ ಹಾಕುವುದು ನಮ್ಮ ಮನೆಯವರೇ. ಅಜ್ಜನ ಕಾಲದಿಂದ ಒಂದು ಪದ್ಧತಿ ನಡೆದುಬಂದಿದೆ. ಕೆಲಸ ಮುಗಿದ ಮೇಲೆ ಕಲಾಯಿ ಹಾಕಿದವನೇ ಬಗ್ಗಿ ಕೊಪ್ಪರಿಗೆಯ ತಳದಲ್ಲಿ ತನ್ನ ಮುಖ ನೋಡಿಕೊಳ್ಳಬೇಕು. ಮುಖ ಸರಿಯಾಗಿ ಕಂಡರೆ ಕೆಲಸ ಸರಿಯಾಗಿದೆ ಎಂದು ಅರ್ಥ. ಆಮೇಲೆ ಅದರಲ್ಲಿ ಬೇಯುವ ಮೊದಲ ಪಾಯಸದಲ್ಲಿ ಒಂದು ಪಾತ್ರೆ ನಮ್ಮ ಮನೆಗೆ ಬರುತ್ತದೆ.

ಇಷ್ಟು ವರ್ಷ ಆ ಕೊಪ್ಪರಿಗೆಯನ್ನು ಅಬ್ಬಾ ನನ್ನ ಕೈಗೆ ಕೊಟ್ಟಿರಲಿಲ್ಲ. ಈ ವರ್ಷ ಚಿತ್ರದುರ್ಗದ ಡಾಕ್ಟರು ಅಬ್ಬಾನ ಎದೆಯ ಮೇಲೆ ನಳಿಗೆ ಇಟ್ಟು ಕೇಳಿ, "ಇನ್ನು ಹೊಗೆ ಹತ್ರ ಹೋಗಂಗಿಲ್ಲ ಸಾಹೇಬ್ರೇ" ಎಂದರು. ಅಬ್ಬಾ ಸಂತೆಯಲ್ಲಿ ಚೌಕಾಸಿ ಮಾಡುವಂತೆ ಡಾಕ್ಟರ ಹತ್ತಿರ ಚೌಕಾಸಿ ಮಾಡಿ, ಕೊಪ್ಪರಿಗೆಯ ಒಂದು ಕೆಲಸಕ್ಕೆ ಮಾತ್ರ ಒಪ್ಪಿಗೆ ಗಿಟ್ಟಿಸಿಕೊಂಡು ಬಂದರು. ಅದೇ ಕೊನೆ.

ನಸೀಮಾ ಹೊಸದುರ್ಗದ ಕಡೆ ಒಂದು ಹೈಸ್ಕೂಲಿನಲ್ಲಿ ಮೇಡಂ. ಮಾಡದಕೆರೆಯಲ್ಲಿ ರೂಮು ಮಾಡಿಕೊಂಡಿದ್ದಾಳೆ. ನಮ್ಮ ಮನೆಯಲ್ಲಿ ಅಬ್ಬಾನದು ಇರುವುದು ಒಂದೇ ಫೋಟೊ, ರೇಷನ್ ಕಾರ್ಡಿನದು. ಅದರಲ್ಲಿ ಅವರು ಪೊಲೀಸರು ಹುಡುಕುತ್ತಿರುವ ಆಸಾಮಿಯಂತೆ ಕಾಣುತ್ತಾರೆ. "ಅಬ್ಬಾನ ಮುಖ ಹೆಂಗಾದ್ರೂ ಇರಲಿ, ಕೈ ಉಳೀಬೇಕು ಭಾಯಿ. ಆ ಕೈ ಓಡಾಡೋದು ನನಗೆ ಬೇಕು" ಎಂದು ನಸೀಮಾ ಚಿತ್ರದುರ್ಗದ ಸ್ಟುಡಿಯೊದವರೊಬ್ಬರ ಹಳೆಯ ಕ್ಯಾಮೆರಾವನ್ನೂ, ಮೂರು ಕಾಲಿನ ಸ್ಟ್ಯಾಂಡನ್ನೂ, ಬೆರಳುದ್ದದ ಒಂದು ರಿಮೋಟನ್ನೂ ಕೊಂಡು ತಂದಳು. ಕೊಪ್ಪರಿಗೆ ಕೆಲಸದ ದಿನ ಅವಳ ಶಾಲೆಗೆ ಸಾಹೇಬರು ತಪಾಸಣೆಗೆ ಬರುವವರಿದ್ದರು, ರಜೆ ಸಿಗಲಿಲ್ಲ. ಕೊಪ್ಪರಿಗೆ ಹಿಡಿದು ತಿರುಗಿಸುವವನು ನಾನು. ಕ್ಯಾಮೆರಾದ ಹಿಂದೆ ನಿಲ್ಲುವವರು ಯಾರೂ ಇಲ್ಲ. ಅದಕ್ಕೇ ರಿಮೋಟು.

ಹಿಂದಿನ ಸಂಜೆ ಅವಳು ಬಂದು, ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಪಾಠ ಶುರು ಮಾಡಿದಳು.

"ಭಾಯಿ, ಇಲ್ನೋಡು. ಒಂದ್ಸಲ ಒತ್ತಿದ್ರೆ ಪೀಂ ಅಂತೈತೆ, ಶುರು. ಹಿಂದಿನ ಪರದೆ ಮೇಲೆ ಕೆಂಪು ಚುಕ್ಕೆ ಬರ್ತೈತೆ. ಇನ್ನೊಂದ್ಸಲ ಒತ್ತಿದ್ರೂ ಪೀಂ ಅಂತೈತೆ, ಆದ್ರೆ ನಿಲ್ತೈತೆ. ಚುಕ್ಕೆ ಹೋಗ್ತೈತೆ. ಪೀಂ ನಂಬಬ್ಯಾಡ, ಚುಕ್ಕೆ ನೋಡು. ತಿಳೀತಾ?"

"ತಿಳೀತು."

"ಸ್ವಲ್ಪ ಹೊತ್ತು ಮುಟ್ಟದಿದ್ರೆ ಕ್ಯಾಮೆರಾ ಮಲಗಿಬಿಡ್ತೈತೆ. ಆಗ ರಿಮೋಟು ಎಷ್ಟು ಒತ್ತಿದ್ರೂ ಏಳಲ್ಲ. ಕ್ಯಾಮೆರಾದ ಮೈಮ್ಯಾಲಿನ ಗುಂಡೀನೇ ಮುಟ್ಟಿ ಎಬ್ಬಿಸ್ಬೇಕು. ತಿಳೀತಾ?"

"ತಿಳೀತು ಅಂದ್ನಲ್ಲೇ!"

"ಏನು ತಿಳೀತು, ಹೇಳು ನೋಡಾಣ."

ಇದು ಮೇಡಂಗಳ ದೊಡ್ಡ ಕೆಟ್ಟ ಅಭ್ಯಾಸ. ಹೇಳಿಕೊಟ್ಟದ್ದನ್ನು ವಾಪಸ್ಸು ಕೇಳುತ್ತಾರೆ! ನನಗೆ ರೇಗಿತು. "ಏನೇ, ನಾನು ನಿನ್ನ ಎಂಟನೇ ಕ್ಲಾಸಿನ ಹುಡುಗನೇನೆ? ನೀನು ತೊಟ್ಟಿಲಾಗೆ ಮಲಗಿದ್ದಾಗ್ಲೇ ನಾನು ಸ್ಟೌವ್ ಬಿಚ್ಚಿ ಕೂಡಿಸ್ತಿದ್ದೆ. ಒಂದು ಗುಂಡಿ ಒತ್ತಾಕೆ ಬರಲ್ವಾ ನನಗೆ?"

"ಗೊತ್ತೈತೆ ಅಂದ್ರೆ ಸರಿ ಭಾಯಿ" ಎಂದು ನಸೀಮಾ ರಿಮೋಟನ್ನು ನನ್ನ ಅಂಗೈಯಲ್ಲಿಟ್ಟು ಬಸ್ಸಿಗೆ ಹೊರಟಳು.

ನಿಜ ಹೇಳಬೇಕೆಂದರೆ ಅವಳು ಹೇಳಿದ್ದರಲ್ಲಿ ಅರ್ಧ ನನ್ನ ಕಿವಿಗೆ ಬಿದ್ದಿರಲಿಲ್ಲ. ಅವಳು ಮಾತಾಡುತ್ತಿದ್ದಷ್ಟು ಹೊತ್ತೂ ನಾನು ಆ ರಿಮೋಟಿನ ಮೂತಿಯನ್ನೇ ನೋಡುತ್ತಿದ್ದೆ. ತಂತಿ ಇಲ್ಲ, ದಾರ ಇಲ್ಲ. ಹಾಗಾದರೆ ಇಲ್ಲಿಂದ ಅಲ್ಲಿಗೆ ಹೋಗುವುದು ಏನು? ಗಾಳಿಯೇ? ಬೆಳಕೇ? ದೂರದಿಂದ, ತಂತಿಯಿಲ್ಲದೆ, ನಡೆಯುವವನನ್ನು ನಿಲ್ಲಿಸುವ ಶಕ್ತಿ ಜುಬೇದಾಳ ಕಣ್ಣಿಗೆ ಮಾತ್ರ ಇದೆ ಎಂದುಕೊಂಡಿದ್ದೆ. ಇನ್ನರ್ಧ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಸೊಂಟದ ಮೇಲೆ ಎತ್ತಿಕೊಂಡು ಆಡಿಸಿದ ತಂಗಿಯ ಹತ್ತಿರ "ಇನ್ನೊಂದ್ಸಲ ಹೇಳಮ್ಮ" ಎನ್ನಲು ನಾಲಿಗೆ ಏಳಲಿಲ್ಲ. ಎಲ್ಲ ಅನಾಹುತಗಳ ತಾಯಿಬೇರು ಇದೇ. ಆದರೆ ಆಗ ನಾನು ಬೇರನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಕೈಯಲ್ಲಿ ರಿಮೋಟಿತ್ತು!

ತಂಗಿ ಅತ್ತ ಹೋದ ಮೇಲೆ ಒಂದು ಲೋಟ ಚಹಾ ಕುಡಿದು, ಇತ್ತ ಕ್ಯಾಮೆರಾದ ಮುಂದೆ ನಿಂತು ಗಂಭೀರವಾಗಿ ಗುಂಡಿ ಒತ್ತಿದೆ. ಕ್ಯಾಮೆರಾ ಪೀಂ ಅನ್ನಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಹತ್ತಿರ ಹೋಗಿ ಒತ್ತಿದೆ. ಮೂತಿಗೆ ಮೂತಿ ತಾಗಿಸಿ ಒತ್ತಿದೆ. ಪರದೆ ಕಪ್ಪಗೆ ಬಿದ್ದುಕೊಂಡಿತ್ತು.

"ಸತ್ತುಹೋತೇನ್ರೀ?" ಜುಬೇದಾ ಅಡುಗೆಮನೆಯಿಂದ ಇಣುಕಿದಳು. "ಮುಟ್ಟಿ ಇನ್ನೂ ಚಹಾ ಲೋಟ ಆರಿಲ್ಲ, ಕೊಂದುಬಿಟ್ರಾ?"

"ರಿಮೋಟಾಗೆ ಏನೋ ದೋಷ ಐತೆ."

"ಬಿಚ್ಚಬ್ಯಾಡ್ರಿ ಮತ್ತೆ!"

"ನಾನು ಬಿಚ್ತೀನಿ ಅಂದ್ನಾ?" ಎಂದೆ. ಅನ್ನುವಷ್ಟರಲ್ಲಿ ಬಿಚ್ಚಿ ಆಗಿತ್ತು.

ಒಳಗೆ ಗುಂಡನೆಯ ಒಂದು ಬ್ಯಾಟರಿ, ಅದರ ಕೆಳಗೆ ಉಗುರಿನಷ್ಟು ತೆಳ್ಳಗಿನ ಒಂದು ತಗಡು. ಆ ತಗಡು ಮಂಕಾಗಿತ್ತು. ಓದುಗರೇ, ಕಲಾಯಿಯವನ ಮಗನಿಗೆ ಮಂಕಾದ ಲೋಹ ಕಂಡರೆ ಏನಾಗುತ್ತದೆ ಎಂಬುದು ನಿಮಗೆ ತಿಳಿಯದು. ಬೆಕ್ಕಿಗೆ ಮೀನು ಕಂಡ ಹಾಗೆ! ಸರಿ, ಹುಣಸೆಹಣ್ಣಿನಿಂದ ಉಜ್ಜಿದೆ. ತೊಳೆದು ಒರೆಸಿದೆ. ಬೆಸುಗೆ ಕಡ್ಡಿ ಕಾಯಿಸಿ, ಚಿಟಿಕೆ ನವಸಾಗರ ಉದುರಿಸಿದೆ. ಕಲಾಯಿಗೆ ಮುಂಚೆ ಉದುರಿಸುವ ಬಿಳಿ ಪುಡಿ ಅದು. ಪುಸ್ಸನೆ ಒಂದು ಎಳೆ ಹೊಗೆ ಎದ್ದಿತು. ತವರದ ಕಡ್ಡಿ ತಾಗಿಸಿ ನಯವಾಗಿ ಬಳಿದೆ. ತಗಡು ಫಳಫಳ ಹೊಳೆಯಿತು. ಭೂಮಿಯ ಮೇಲೆ ಕಲಾಯಿ ಹಾಕಿಸಿಕೊಂಡ ಮೊದಲ ರಿಮೋಟು ಅದೇ ಇರಬೇಕು.

ಬ್ಯಾಟರಿ ಒಳಗೆ ಕೂರಲು ಸ್ವಲ್ಪ ತಕರಾರು ಮಾಡಿತು. ಹೆಬ್ಬೆರಳಿನಿಂದ ಬುದ್ಧಿ ಹೇಳಿ ಕೂರಿಸಿದೆ. ಅಷ್ಟರಲ್ಲಿ ಜುಬೇದಾ ಕ್ಯಾಮೆರಾದ ಮೇಲೆ ಧೂಳು ಕೂತಿದೆಯೆಂದು ಸೆರಗಿನಿಂದ ಅದರ ಮೈಯೆಲ್ಲ ಒರೆಸಿ ಹೋದಳು. ನಾನು ಎದುರು ನಿಂತು ಒತ್ತಿದೆ.

ಪೀಂ!

"ನೋಡಿದ್ಯಾ?" ಎಂದು ಕೂಗಿದೆ. "ಕಂಪನಿಯವರು ಮರೆತಿದ್ದನ್ನ ನಾನು ಮಾಡ್ದೆ!"

ಅವಳ ಸೆರಗು ತಾಗಿ ಕ್ಯಾಮೆರಾ ನಿದ್ದೆಯಿಂದ ಎದ್ದಿತ್ತು ಎಂಬುದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ರಿಮೋಟಿಗೆ ಕಲಾಯಿ ಹಾಕುವ ಅಂಗಡಿಯನ್ನು ಚಿತ್ರದುರ್ಗದಲ್ಲಿ ಇಡುವುದೋ, ಹಿರಿಯೂರಿನಲ್ಲೋ?

ಮರುದಿನ ಬೆಳಿಗ್ಗೆ ಮಠದ ಹಿತ್ತಲಿಗೆ ಹೋದೆವು. ಅಬ್ಬಾ ಹೊಸ ಟೋಪಿ ಹಾಕಿಕೊಂಡಿದ್ದರು. "ಸಿನಿಮಾಕ್ಕೆ ಅಂತ ಅಲ್ಲ, ಹಳೇದು ಒಗೆಯಾಕೆ ಹಾಕೀನಿ" ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡರು. ಅಡುಗೆಯ ರುದ್ರಣ್ಣ ಬಾಗಿಲಲ್ಲೇ ಕಾಯುತ್ತಿದ್ದ. ಮಠದ ಪಾಯಸಕ್ಕೆ ಎಷ್ಟು ಬೆಲ್ಲ ಬೇಕೆಂದು ನಾಲಿಗೆ ತಾಗಿಸದೆ ಮೂಗಿನಲ್ಲೇ ಹೇಳುವ ಮನುಷ್ಯ. ಅವನ ಹೊಟ್ಟೆ ಅವನಿಗಿಂತ ಮೊದಲು ಬಂದು ನಮ್ಮನ್ನು ಬರಮಾಡಿಕೊಂಡಿತು.

"ಬರ್ರಿ ಸಾಹೇಬ್ರೇ, ಕುಂತ್ಕಳ್ರಿ. ಏನಪ್ಪ ದಸ್ತಗೀರ, ಇದೇನು ಮೂರು ಕಾಲಿನ ಕೊಕ್ಕರೆ ತಂದೀಯ?"

ಅಬ್ಬಾ ಮರಳು ಹಾಕಿ ಕೊಪ್ಪರಿಗೆಯ ಒಳಗನ್ನು ತಿಕ್ಕಲು ಕುಳಿತರು. ನಸೀಮಾ ಸ್ಟ್ಯಾಂಡಿನ ಕಾಲುಗಳಿಗೆ ಚೀಟಿ ಅಂಟಿಸಿ ತೋರಿಸಿದ್ದಂತೆ ಅದನ್ನು ನಿಲ್ಲಿಸಿದೆ. ಚೌಕಟ್ಟಿನಲ್ಲಿ ಕೊಪ್ಪರಿಗೆ, ಅಬ್ಬಾ, ಹಿಂದೆ ರಾಮಗಿರಿ ಗುಡ್ಡ, ಎಲ್ಲವೂ ಚಿತ್ರ ಬರೆದಂತೆ ಕೂತವು. ಕೆಲಸಕ್ಕೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೂರಬಹುದಿತ್ತು.

"ಇದು ಹೆಂಗಪ್ಪ ಹೋಗ್ತೈತೆ?" ರುದ್ರಣ್ಣ ರಿಮೋಟನ್ನು ಮೂಸಿ ನೋಡಿ ಕೇಳಿದ.

ನನಗೆ ಬೇಕಾಗಿದ್ದೂ ಅದೇ. ಇಬ್ಬರೂ ಸೇರಿ ಸಂಶೋಧನೆ ಆರಂಭಿಸಿದೆವು. ಕ್ಯಾಮೆರಾದ ಹಿಂದೆ ನಿಂತು ಒತ್ತಿದರೆ ಪೀಂ ಇಲ್ಲ. ಮುಂದೆ ಬಂದು ಒತ್ತಿದರೆ ಪೀಂ! ಮುಂದೆ ಕಪ್ಪು ಗಾಜಿನ ಒಂದು ಸಣ್ಣ ಚುಕ್ಕೆ ಇತ್ತು. ಅದನ್ನು ಬೆರಳಿಂದ ಮುಚ್ಚಿದರೆ ಇಲ್ಲ, ತೆಗೆದರೆ ಪೀಂ!

"ಅಂದ್ರೆ ಇದಕ್ಕೆ ಕಣ್ಣು ಐತೆ" ಎಂದ ರುದ್ರಣ್ಣ. "ರಿಮೋಟಿಂದ ಬರೋದು ಬೆಳಕು."

"ಹಂಗಾದ್ರೆ ನಮಗ್ಯಾಕೆ ಕಾಣಲ್ಲ?"

"ದೇವರು ಕಾಣ್ತಾನಾ? ಹಂಗೇ."

ದಾಸೋಹದ ಸೌಟು ಅಡ್ಡ ಹಿಡಿದೆವು. ದಾಟಲಿಲ್ಲ. ಬಾಳೆ ಎಲೆ ಹಿಡಿದೆವು. ಒಮ್ಮೆ ದಾಟಿತು, ಒಮ್ಮೆ ಇಲ್ಲ. ಇದರ ಬಗ್ಗೆ ನಮ್ಮಿಬ್ಬರಲ್ಲಿ ಅಭಿಪ್ರಾಯಭೇದ ಬಂದು ಮತ್ತೆ ಮತ್ತೆ ಹಿಡಿದು ನೋಡಬೇಕಾಯಿತು. ಕೊನೆಗೆ ರುದ್ರಣ್ಣ ಮೇಲುಹೊದಿಕೆ ಸರಿಸಿ, "ನನ್ನ ಹೊಟ್ಟೆ ದಾಟ್ತೈತೇನೋ ನೋಡು" ಎಂದು ಎದೆ ಸೆಟೆಸಿ ನಡುವೆ ನಿಂತ.

ಒತ್ತಿದೆ. ಇಲ್ಲ.

"ನನ್ನ ಹೊಟ್ಟೆ ದಾಟಿ ಇದುವರೆಗೂ ಏನೂ ಆಚೆ ಹೋಗಿಲ್ಲ ಬಿಡು" ಎಂದು ಅವನು ಹೆಮ್ಮೆಯಿಂದ ಹೇಳಿದ. "ಪಕ್ಕಕ್ಕೆ ತಿರುಗ್ತೀನಿ, ಈಗ ಒತ್ತು."

ಒತ್ತಿದೆ. ಪೀಂ!

"ಲೇ, ನಿಮ್ಮ ಆಟ ಮುಗೀತಾ?" ಅಬ್ಬಾ ಕೊಪ್ಪರಿಗೆಯ ಒಳಗಿನಿಂದ ಗದರಿದರು. ದನಿ ಗುಂ ಎಂದು ಬಾವಿಯಿಂದ ಬಂದಂತೆ ಬಂತು. "ಕೆಂಡ ಹಾಕ್ರಿ!"

ಎಷ್ಟು ಸಲ ಪೀಂ ಅಂದಿತೋ ನಾವು ಎಣಿಸಲಿಲ್ಲ. ಶುರುವಿಗೂ ಅದೇ ಪೀಂ, ಕೊನೆಗೂ ಅದೇ ಪೀಂ ಎಂಬುದು ನಿನ್ನೆಯ ಪಾಠದಲ್ಲಿತ್ತು. ಆ ಪಾಠದ ಹೊತ್ತಿನಲ್ಲಿ ನಾನು ರಿಮೋಟಿನ ಮೂತಿ ನೋಡುತ್ತಿದ್ದೆ ಎಂದು ಆಗಲೇ ನಿವೇದಿಸಿಕೊಂಡಿದ್ದೇನೆ.

ಕೆಂಡ ಹಾಕಿದೆವು. ಕರೆಂಟಿನ ಬ್ಲೋವರು ಗೊರ್ರ್ ಎಂದಿತು. ಕೊಪ್ಪರಿಗೆ ನಿಧಾನವಾಗಿ ಕಾದು ಅದರ ಬಣ್ಣ ಏರಿತು. ನಾನೂ ರುದ್ರಣ್ಣನೂ ಗೋಣಿತಾಟು ಸುತ್ತಿ ಎರಡೂ ಕಡೆ ಹಿಡಿದುಕೊಂಡೆವು. ಈ ಕೆಲಸ ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಕಾವು ಹೆಚ್ಚಾದರೆ ತವರ ಸುಡುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಅಬ್ಬಾ ತವರದ ಕಡ್ಡಿ ಎತ್ತಿಕೊಂಡು "ಬಿಸ್ಮಿಲ್ಲಾ" ಎಂದು ಕೈ ಮೇಲೆತ್ತಿದರು.

ನಾನು ಒಂದು ಕೈ ಬಿಡಿಸಿಕೊಂಡು ಜೇಬಿನಿಂದ ರಿಮೋಟು ತೆಗೆದು, ಕಪ್ಪು ಕಣ್ಣಿಗೆ ಗುರಿಯಿಟ್ಟು ಒತ್ತಿದೆ.

ಪೀಂ!

ಎಂಥ ನೆಮ್ಮದಿಯ ಸದ್ದು! ರುದ್ರಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನೂ ಹಾರಿಸಿದೆ.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ನವಸಾಗರ ಬಿದ್ದ ಕೂಡಲೇ ಬಿಳಿ ಹೊಗೆ ಎದ್ದು ಅಬ್ಬಾನನ್ನು ನುಂಗಿತು. ಹೊಗೆಯೊಳಗಿಂದ ಕೈ ಮಾತ್ರ ಹೊರಗೆ ಕಾಣುತ್ತಿತ್ತು. ಹತ್ತಿಯ ಮುದ್ದೆ ಹಿಡಿದ ಆ ಕೈ ಕೊಪ್ಪರಿಗೆಯ ಒಳಮೈಯಲ್ಲಿ ಒಂದು ಸುತ್ತು ಹೋದರೆ ಕಪ್ಪಿದ್ದದ್ದು ಬೆಳ್ಳಿಯಾಗುತ್ತಿತ್ತು. ಅವಸರವಿಲ್ಲ, ನಿಲ್ಲುವುದೂ ಇಲ್ಲ. ಮಗುವಿನ ಮೈ ಒರೆಸಿದಂತೆ. ನಡುನಡುವೆ ಕೆಮ್ಮು ಬಂದಾಗ ಭುಜ ಅಲುಗುತ್ತಿತ್ತು, ಕೈ ಅಲುಗುತ್ತಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೆ, ಕೊಪ್ಪರಿಗೆ ಜಾರದಂತೆ ನೋಡುವುದರಲ್ಲೇ ನನ್ನ ಕಣ್ಣು ಇರುತ್ತಿತ್ತು. ಅವತ್ತು ಮೊದಲ ಸಲ ಆ ಕೈಯನ್ನು ನೋಡಿದೆ. ನಸೀಮಾ ಯಾಕೆ ಅಷ್ಟು ಹಟ ಮಾಡಿದಳೆಂದು ಆಗ ಅರ್ಥವಾಯಿತು.

ಮುಗಿಯಿತು. ಬ್ಲೋವರು ನಿಂತಿತು. ಹಾರಿ ಬಂದ ಬೂದಿ ಕೂತಿದ್ದ ಕ್ಯಾಮೆರಾದ ಮೈ ಒರೆಸಿ, ಮುಂದೆ ನಿಂತು ಮತ್ತೆ ಗುರಿಯಿಟ್ಟು ಒತ್ತಿದೆ. ಪೀಂ! ಅಬ್ಬಾ ಎದ್ದು, ಪದ್ಧತಿಯಂತೆ ಬಗ್ಗಿ ಕೊಪ್ಪರಿಗೆಯ ತಳದಲ್ಲಿ ಮುಖ ನೋಡಿಕೊಂಡರು. ಟೋಪಿ ಸರಿ ಮಾಡಿಕೊಂಡರು. "ಹ್ಞೂಂ" ಎಂದರು. ಅವರ ಭಾಷೆಯಲ್ಲಿ ಅದು ದೊಡ್ಡ ಭಾಷಣ.

ನಾನು ಕ್ಯಾಮೆರಾ ಬಿಚ್ಚಿ ಚೀಲಕ್ಕೆ ಇಡುವಾಗ ರುದ್ರಣ್ಣ ಕೇಳಿದ, "ಅದೇನೋ ಹಿಂದುಗಡೆ ಕೆಂಪಗೆ ಚುಕ್ಕೆ?"

"ಕ್ಯಾಮೆರಾ ಜೀವಂತ ಐತೆ ಅಂತ" ಎಂದು ವಿವರಿಸಿ ಚೀಲದ ಬಾಯಿ ಕಟ್ಟಿದೆ.

ಮಠದ ಲಗೇಜ್ ಆಟೊ ತರಕಾರಿಗೆಂದು ಹೊಳಲ್ಕೆರೆಗೆ ಹೊರಟಿತ್ತು. ಅಬ್ಬಾ ಡ್ರೈವರ್ ಪಕ್ಕ ಕುಳಿತರು. ನಾನೂ ರುದ್ರಣ್ಣನೂ ಹಿಂದೆ, ಖಾಲಿ ಬುಟ್ಟಿಗಳ ನಡುವೆ. ಅರ್ಧ ದಾರಿಯಲ್ಲಿ ಆಟೊ ಒಂದು ಗುಂಡಿಗೆ ಬಿದ್ದು ಎದ್ದಿತು. ಆ ಕುಲುಕಿಗೋ ಏನೋ, ನಸೀಮಾಳ ಮಾತು ನನ್ನ ತಲೆಯಲ್ಲಿ ತಾನಾಗಿ ಎದ್ದು ಕುಳಿತಿತು. "ಪೀಂ ನಂಬಬ್ಯಾಡ, ಚುಕ್ಕೆ ನೋಡು."

ಚುಕ್ಕೆ ಇದ್ದರೆ ನಡೆಯುತ್ತಿದೆ. ಮುಗಿದ ಮೇಲೂ ಚುಕ್ಕೆ ಇತ್ತು. ಹಾಗಾದರೆ ಕೆಲಸ ನಡೆಯುವಾಗ...?

ಕಂಡದ್ದನ್ನೆಲ್ಲ ಬಿಚ್ಚಿ ನೋಡುವ ನಾನು, ಬದುಕಿನಲ್ಲಿ ಮೊದಲ ಸಲ ಒಂದು ಚೀಲ ಬಿಚ್ಚಲು ಹೆದರಿದೆ! ರುದ್ರಣ್ಣನ ಕಿವಿಗೆ ಬಗ್ಗಿ ಏನೇನೋ ಹೇಳಿದೆ. ಏನು ಹೇಳಿದೆನೆಂದು ಆಮೇಲೆ ಬರುತ್ತದೆ. ಬೇಡವೆಂದರೂ ಬರುತ್ತದೆ.

ಸಂಜೆ ನಸೀಮಾ ಬಸ್ಸಿಳಿದು ಓಡಿಬಂದಳು. ಚಪ್ಪಲಿ ಬಿಡುವ ಮುಂಚೆಯೇ, "ಆಯ್ತಾ ಭಾಯಿ? ಬಂತಾ?"

"ಅದೇನಾಯ್ತಂದ್ರೆ..." ಎಂದು ಗಂಟಲು ಸರಿ ಮಾಡಿಕೊಂಡೆ. "ಕೆಲಸ ಶುರುವಾಗೋ ಹೊತ್ತಿಗೆ ಸರಿಯಾಗಿ ರಿಮೋಟಿನ ಬ್ಯಾಟ್ರಿ ಕೈ ಕೊಡ್ತು ಕಣೆ. ನಾನಾದ್ರೂ ಏನು ಮಾಡ್ಲಿ, ಎರಡೂ ಕೈಯಾಗೆ ಕೊಪ್ಪರಿಗೆ!"

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ತಿರುಗಿ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ ಜಗಲಿಯ ಮೇಲೆ ಕುಳಿತಳು.

"ಹೋಗ್ಲಿ ಬಿಡು ಭಾಯಿ. ನಂದೇ ತಪ್ಪು. ಹೊಸ ಬ್ಯಾಟ್ರಿ ಹಾಕಿ ಕೊಡಬೇಕಿತ್ತು. ಎಲ್ಲಕ್ಕಿಂತ ನಾನೇ ಬರಬೇಕಿತ್ತು. ತಪಾಸಣೆಗೆ ಬಂದ ಸಾಹೇಬ್ರು ಚಹಾ ಕುಡಿದು ಹೋದ್ರು, ಅಷ್ಟೇ." ಕಣ್ಣೊರೆಸಿಕೊಂಡು, "ನಿನ್ನ ಕೈ ಸುಟ್ಟಿಲ್ಲ ತಾನೆ?" ಎಂದಳು.

ನನ್ನ ಕೈ ಸುಟ್ಟಿರಲಿಲ್ಲ. ಉಳಿದದ್ದೆಲ್ಲ ಸುಟ್ಟಿತು. ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. ಜುಬೇದಾ ತಟ್ಟೆಯಲ್ಲಿ ಬಿಸಿ ಮಿರ್ಚಿ ತಂದಿಟ್ಟಳು. ತೆರೆದ ಬಾಯಿಗೆ ಮಿರ್ಚಿ ಹೋಯಿತು. ಜುಬೇದಾ ಮಾತ್ರ ನನ್ನನ್ನು ತಂತಿಯಿಲ್ಲದೆ ನೋಡುತ್ತಲೇ ಇದ್ದಳು.

"ಬಂದಷ್ಟಾದ್ರೂ ನೋಡಾಣ" ಎಂದು ನಸೀಮಾ ಕ್ಯಾಮೆರಾದೊಳಗಿನ ಸಣ್ಣ ಕಾರ್ಡು ತೆಗೆದು ಏನೋ ಒಂದಕ್ಕೆ ಸಿಕ್ಕಿಸಿ ಟಿವಿಗೆ ಜೋಡಿಸಿದಳು. ಕ್ಯಾಮೆರಾದಲ್ಲಿ ಇದ್ದದ್ದು ಟಿವಿಯಲ್ಲಿ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ! ಅಬ್ಬಾ ಟೋಪಿ ಸರಿ ಮಾಡಿಕೊಂಡು ಮುಂದೆ ಬಂದು ಕುಳಿತರು.

ಮೊದಲು ಪರದೆ ತುಂಬ ಒಂದು ಗುಹೆ ಕಾಣಿಸಿತು. ಗುಹೆಯೊಳಗೆ ಕಾಡು.

"ಇದ್ಯಾವ ಜಾಗ?" ಎಂದರು ಅಬ್ಬಾ.

"ನಿಮ್ಮ ಮಗನ ಮೂಗು ಮಾವಾ" ಎಂದಳು ಜುಬೇದಾ.

ಆಮೇಲೆ ಸೌಟು. ಬಾಳೆ ಎಲೆ. ಮತ್ತೆ ಬಾಳೆ ಎಲೆ. ಆಮೇಲೆ ಪಕ್ಕಕ್ಕೆ ತಿರುಗಿ ನಿಂತ ರುದ್ರಣ್ಣನ ಹೊಟ್ಟೆ, ಹಿಂದೆ ರಾಮಗಿರಿ ಗುಡ್ಡ. ಎರಡರಲ್ಲಿ ಗುಡ್ಡವೇ ಚಿಕ್ಕದಾಗಿತ್ತು. ಹೊಟ್ಟೆ ಸರಿಯಿತು. ಕೆಂಡ ಬಿತ್ತು. ಬ್ಲೋವರು ಗೊರ್ರ್ ಎಂದಿತು. ಕೊಪ್ಪರಿಗೆ ಕಾಯಿತು. ನಸೀಮಾ ಮುಂದಕ್ಕೆ ಸರಿದಳು. "ಬಂದೈತಲ್ಲ ಭಾಯಿ! ಎಷ್ಟು ಚೆನ್ನಾಗಿ ಬಂದೈತೆ!" ಪರದೆಯಲ್ಲಿ ಅಬ್ಬಾ ತವರದ ಕಡ್ಡಿ ತೆಗೆದುಕೊಂಡರು. "ಬಿಸ್ಮಿಲ್ಲಾ" ಎಂದರು. ಕೈ ಮೇಲೆತ್ತಿದರು. ನನ್ನ ಬೆರಳು ರಿಮೋಟಿನ ಮೇಲೆ ಹೋಯಿತು.

ಪೀಂ. ಪರದೆ ಕಪ್ಪು.

ಮುಂದಿನದು ತಾನಾಗಿ ಶುರುವಾಯಿತು. ಅಬ್ಬಾನ ಬಗ್ಗಿದ ಬೆನ್ನು. ಕೊಪ್ಪರಿಗೆಯ ಅಂಚಿನಲ್ಲಿ ಟೋಪಿ ಸರಿ ಮಾಡಿಕೊಳ್ಳುವ ಕೈ, ಒಂದೇ ಗಳಿಗೆ. "ಹ್ಞೂಂ." ಅಷ್ಟರಲ್ಲಿ ನನ್ನ ಅಂಗೈ ಅಡ್ಡ ಬಂತು. ಚೀಲದ ಕತ್ತಲೆ ಬಂತು. ಕತ್ತಲೆಯೊಳಗಿಂದ ಆಟೊದ ಸದ್ದಿನ ಜೊತೆಗೆ ನನ್ನದೇ ದನಿ ಬಂತು!

"ಲೇ ರುದ್ರಣ್ಣ, ಕೆಟ್ಟೆ ಕಣೋ. ನಾನು ಒತ್ತಿದ್ದು ಉಲ್ಟಾ ಆಗೈತೆ ಅನ್ಸತೈತೆ. ಶುರು ಅಂತ ಒತ್ತಿದಾಗ ನಿಂತೈತೆ."

"ನಿನ್ನ ತಂಗಿ ಹೇಳಿಕೊಟ್ಟಿರಲಿಲ್ವೇನೋ?"

"ಹೇಳಿದ್ಲು. ಗೊತ್ತು ಅಂದುಬಿಟ್ಟೆ. ಈಗ ಬ್ಯಾಟ್ರಿ ಹೋಯ್ತು ಅಂತೀನಿ. ಅಗ್ಗದ ಮಾಲು ತಂದೀಯ ಅಂತ ನಾನೇ ಮೊದಲು ಜೋರು ಮಾಡ್ತೀನಿ. ನೀನು ಸಿಕ್ಕಿದ್ರೆ ಹ್ಞೂಂ ಅನ್ನು."

"ನಾನು ಮಠದ ಅನ್ನ ತಿನ್ನೋನು. ಸುಳ್ಳಿಗೆ ಹ್ಞೂಂ ಅನ್ನಲ್ಲ. ಬೇಕಾದ್ರೆ ಸುಮ್ಮನಿರ್ತೀನಿ."

ಆಮೇಲೆ ಆಟೊ ಗುಂಡಿಗೆ ಬಿದ್ದ ಸದ್ದು ಮತ್ತೊಂದು. ಟಿವಿ ಕತ್ತಲೆಯನ್ನು ತೋರಿಸುತ್ತಲೇ ಇತ್ತು. ಅದಕ್ಕಿಂತ ಸ್ಪಷ್ಟವಾದ ಚಿತ್ರವನ್ನು ನಾನು ಇದುವರೆಗೂ ನೋಡಿಲ್ಲ.

ಮೊದಲು ಅಲುಗಿದ್ದು ಅಬ್ಬಾ. "ಆ ರಿಮೋಟು ಇಲ್ಲಿ ತಾ" ಎಂದರು. ಕೊಟ್ಟೆ. ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತಗಡಿನ ಮೇಲೆ ಉಗುರಿನಿಂದ ಗೀರಿ ನೋಡಿದರು. ಈಗ ಹೊಡೆಯುತ್ತಾರೆ ಎಂದುಕೊಂಡೆ. "ಇದಕ್ಕೆ ಕಲಾಯಿ ಹಾಕಿದ್ದು ನೀನಾ?"

"ಹ್ಞೂಂ ಅಬ್ಬಾ."

"ಇಷ್ಟು ದಪ್ಪ ಹಾಕ್ತಾರೇನೋ ದಡ್ಡ ಮುಂಡೇದೆ? ಅಂಚಿನಾಗೆ ಗಂಟು ಕಟ್ಟೈತೆ! ಮುಂದಿನ ವರ್ಷ ಕೊಪ್ಪರಿಗೆ ಇವನ ಕೈಯಾಗೆ..." ಎಂದು ಮಾತು ಮುಗಿಸದೆ ರಿಮೋಟನ್ನು ನಸೀಮಾಗೆ ಕೊಟ್ಟರು.

"ಅಬ್ಬಾ, ಇನ್ನೊಂದು ಪಾತ್ರೆಗಾದ್ರೂ..." ಎಂದಳು ನಸೀಮಾ.

ಅಬ್ಬಾ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಡಾಕ್ಟರಿಗೆ ಮಾತು ಕೊಟ್ಟೀನಿ ಬೇಟಿ. ಒಂದಕ್ಕೆ ಅಂತ ಕೇಳಿದ್ದೆ, ಒಂದು ಆಯ್ತು." ಕೆಮ್ಮುತ್ತಾ ಎದ್ದು ಪಾಯಸದ ಪಾತ್ರೆ ಬಂತೇನೋ ನೋಡಲು ಬಾಗಿಲ ಕಡೆ ಹೋದರು.

ನಾನು ಗೋಡೆಯನ್ನು ನೋಡುತ್ತಾ, "ತಪ್ಪಾತು" ಎಂದೆ.

"ಯಾರಿಗೆ ಹೇಳ್ತಿದೀರ, ಗೋಡೆಗಾ?" ಎಂದಳು ಜುಬೇದಾ.

ಟಿವಿಯಲ್ಲಿ ಚಿತ್ರವನ್ನು 'ಹ್ಞೂಂ' ಇದ್ದ ಜಾಗಕ್ಕೆ ಹಿಂದಕ್ಕೆ ಓಡಿಸಿ ನಸೀಮಾ ಆ ಬಗ್ಗಿದ ಬೆನ್ನನ್ನೂ, ಟೋಪಿಗೆ ಹೋದ ಕೈಯನ್ನೂ ಮತ್ತೆ ನೋಡಿದಳು. ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಸ್ಟ್ಯಾಂಡನ್ನು ನನ್ನ ಎದುರು ತಂದು ನಿಲ್ಲಿಸಿದಳು.

"ಇನ್ನೊಂದ್ಸಲ ಹೇಳು ಭಾಯಿ. ಇದರ ಕಡೆ ನೋಡಿ."

ಪೀಂ ಎಂದಿತು.

ನಾನು ಬಾಯಿ ತೆರೆದವನು ನಿಲ್ಲಿಸಿದೆ. ಎದ್ದೆ. ಕ್ಯಾಮೆರಾದ ಹಿಂದಕ್ಕೆ ಹೋಗಿ ಬಗ್ಗಿ ನೋಡಿದೆ. ಕೆಂಪು ಚುಕ್ಕೆ ಇತ್ತು. ಇದೆಯೆಂದು ಮತ್ತೊಮ್ಮೆ ನೋಡಿಕೊಂಡು, ವಾಪಸ್ಸು ಬಂದು, ಚಕ್ಕಂಬಕ್ಕಳ ಹಾಕಿ ಕುಳಿತು ಹೇಳಿದೆ:

"ನಸೀಮಾ, ನೀನು ಹೇಳಿಕೊಟ್ಟಾಗ ನನಗೆ ತಿಳೀಲಿಲ್ಲ. ತಿಳೀತು ಅಂದೆ. ನಿನ್ನ ಹತ್ರ ಇನ್ನೊಂದ್ಸಲ ಕೇಳಾಕೆ ನಾಚಿಕೆ ಆತು. ಆಮ್ಯಾಲೆ ಸುಳ್ಳು ಹೇಳ್ದೆ, ನೀನು ಅಳೋದು ನೋಡ್ತಾ ಮಿರ್ಚಿ ತಿಂದೆ. ಬ್ಯಾಟ್ರಿದು ಏನೂ ತಪ್ಪಿಲ್ಲ. ಅಬ್ಬಾನ ಕೈ ಕಳೆದೋನು ನಾನು. ಮಾಫ್ ಮಾಡಮ್ಮ."